ಜೋಡಿಸಲು ಸುಲಭವಾಗುವ ನಲ್ಲಿಯನ್ನು ವಿನ್ಯಾಸ ಮಾಡುವುದು ಹೇಗೆ

ನಲ್ಲಿಯೊಂದನ್ನು ಮೊದಲು ಜೋಡಿಸುವುದು ಕಾರ್ಖಾನೆಯ ಬೆಂಚಿನ ಮೇಲೆ. ಅಲ್ಲಿ ಒಳ್ಳೆಯ ಬೆಳಕಿರುತ್ತದೆ, ಬಿಡಿಭಾಗದ ಡಬ್ಬಿಗಳು ಕೈಯಳತೆಯಲ್ಲಿರುತ್ತವೆ, ಬಿಗಿತ ಗೊತ್ತುಮಾಡಿದ ಟಾರ್ಕ್ ಡ್ರೈವರ್ ಇರುತ್ತದೆ. ಎರಡನೆಯ ಸಲ ಜೋಡಿಸುವುದು ಮನೆಯಲ್ಲಿ, ಬೇಸಿನ್ನಿನ ಅಡಿಯಲ್ಲಿ. ಪ್ಲಂಬರ್ ಅಂಗಾತ ಮಲಗಿ, ಗೋಡೆಗೂ ಬೇಸಿನ್ನಿಗೂ ನಡುವಿನ ನಾಲ್ಕು ಬೆರಳ ಜಾಗದಲ್ಲಿ ಕಾಣದ ನಟ್ಟನ್ನು ತಡಕಾಡಿ ತಿರುಗಿಸಬೇಕು. ಡ್ರಾಯಿಂಗ್ ಮಾಡುವವರು ಹೆಚ್ಚಾಗಿ ಮರೆಯುವ ಮೂರನೆಯ ಸಲವೂ ಒಂದಿದೆ: ಕೆಲವು ವರ್ಷ ಕಳೆದು ತೊಟ್ಟಿಕ್ಕತೊಡಗಿದಾಗ ಬಿಚ್ಚಿ, ಕಾರ್ಟ್ರಿಜ್ (ನೀರನ್ನು ಬಿಟ್ಟು ನಿಲ್ಲಿಸುವ ಒಳಭಾಗ) ಬದಲಿಸಿ, ಮತ್ತೆ ಕಟ್ಟುವುದು.

ಬೆಂಚಿನ ಮೇಲೆ ಹತ್ತು ಸೆಕೆಂಡು ಉಳಿಸಿ ಬೇಸಿನ್ನಿನ ಕೆಳಗೆ ಹತ್ತು ನಿಮಿಷ ಹೆಚ್ಚಿಸಿದರೆ ಅದು ಸರಳ ಜೋಡಣೆಯಲ್ಲ. ಒಮ್ಮೆ ಕ್ಲಿಕ್ ಎಂದು ಕೂತು ಮತ್ತೆಂದೂ ಬಿಚ್ಚಿ ಬಾರದ ಭಾಗವೂ ಅಷ್ಟೇ. ಆದ್ದರಿಂದ ಬಿಗಿಯುವ ಕೆಲಸ ಕಡಿಮೆಯಾಗಬೇಕು, ಬಿಚ್ಚುವ ದಾರಿ ಮಾತ್ರ ತೆರೆದೇ ಇರಬೇಕು ಎಂಬ ಲೆಕ್ಕದಲ್ಲಿ ಈ ಮಾರ್ಗದರ್ಶಿ ನಡೆಯುತ್ತದೆ. ಉದಾಹರಣೆಗೆ ಎತ್ತಿಕೊಂಡಿರುವುದು 35 ಮಿಮೀ ಸೆರಾಮಿಕ್ ಕಾರ್ಟ್ರಿಜ್ ಇರುವ, ಹಿತ್ತಾಳೆ ಬಾಡಿಯ, ಒಂದೇ ಲಿವರಿನ ಬೇಸಿನ್ ಮಿಕ್ಸರ್. ಗೋಡೆಯ ನಲ್ಲಿಯ ಮಾತು ಕೊನೆಯ ಕಡೆ ಬರುತ್ತದೆ, ಅದರ ಗೋಳೇ ಬೇರೆ.

ಹಂತ 1: ಈಗಿರುವುದನ್ನು ಬಿಚ್ಚಿ ಸಾಲಾಗಿ ಇಡಿ

ಹೊಸ ಡ್ರಾಯಿಂಗಿಗೆ ಕೈ ಹಾಕುವ ಮೊದಲು ಈಗ ತಯಾರಾಗುತ್ತಿರುವ, ಇಲ್ಲವೇ ಮಾರುಕಟ್ಟೆಯಲ್ಲಿ ಸಿಗುವ ಒಂದು ಮಿಕ್ಸರನ್ನು ಪೂರ್ತಿ ಬಿಚ್ಚಿ. ಬಿಚ್ಚಿದ ಕ್ರಮದಲ್ಲೇ ಬಿಳಿ ಹಾಳೆಯ ಮೇಲೆ ಜೋಡಿಸಿಟ್ಟು ಎಣಿಸಿ. ಸಾಮಾನ್ಯ ಮಾದರಿಯಲ್ಲಿ ಸಿಗುವುದು ಇಷ್ಟು:

- ಬಾಡಿ 1, ಕಾರ್ಟ್ರಿಜ್ 1, ಅದನ್ನು ಒತ್ತಿಹಿಡಿಯುವ ಲಾಕ್ ನಟ್ 1, ನಟ್ಟನ್ನು ಮುಚ್ಚುವ ಡೋಮ್ 1
- ಲಿವರ್ 1, ಗ್ರಬ್ ಸ್ಕ್ರೂ (ತಲೆಯಿಲ್ಲದ ಸಣ್ಣ ಸ್ಕ್ರೂ) 1, ಅದರ ಬಾಯಿ ಮುಚ್ಚುವ ಕೆಂಪು-ನೀಲಿ ಬಟನ್ 1
- ಏರೇಟರ್ (ಮೂತಿಯ ತುದಿಯಲ್ಲಿ ನೀರಿಗೆ ಗಾಳಿ ಬೆರೆಸುವ ಭಾಗ) ಜಾಲರಿ 1, ಅದರ ಹೊರಕವಚ 1, ವಾಷರ್ 1
- ಬುಡದ ಬಳೆ 1, ಬುಡದ ರಬ್ಬರ್ ಸೀಲ್ 1
- ಎಂ8 (8 ಮಿಮೀ ವ್ಯಾಸದ ಥ್ರೆಡ್ಡಿನ) ಸ್ಟಡ್, ಅಂದರೆ ತಲೆಯಿಲ್ಲದ ಥ್ರೆಡ್ ಕಡ್ಡಿ 2, ನಟ್ 2, ಕುದುರೆಲಾಳದ ಆಕಾರದ ರಬ್ಬರ್ 1, ಅದೇ ಆಕಾರದ ಲೋಹದ ಪಟ್ಟಿ 1
- ಕನೆಕ್ಷನ್ ಹೋಸ್ 2

ಒಟ್ಟು 20. ಕಾರ್ಟ್ರಿಜ್‌ನ ಒಳಗಿನ ಭಾಗಗಳನ್ನು ಎಣಿಸಬೇಡಿ, ಅದು ಸಿದ್ಧವಾಗಿಯೇ ಬರುತ್ತದೆ.

ಈಗ ಸ್ಟಾಪ್‌ವಾಚ್ ಹಿಡಿದು, ಈ ನಲ್ಲಿಯನ್ನು ಮೊದಲು ಕಂಡಿಲ್ಲದ ಒಬ್ಬರ ಕೈಯಲ್ಲಿ ಜೋಡಿಸಿ. ಒಂದೊಂದು ಭಾಗಕ್ಕೂ ಎರಡು ಹೊತ್ತು ಬರೆದುಕೊಳ್ಳಿ: ಎತ್ತಿ ಸರಿಯಾದ ದಿಕ್ಕಿಗೆ ತಿರುಗಿಸಿಕೊಳ್ಳಲು ಎಷ್ಟು, ಕೂರಿಸಿ ಬಿಗಿಯಲು ಎಷ್ಟು. ಇವೆರಡನ್ನೂ ಕೂಡಿಸಿ ಒಂದೇ ಅಂಕಿ ಬರೆದರೆ ತಪ್ಪು ಎಲ್ಲಿದೆ ಎಂಬುದೇ ಕಾಣುವುದಿಲ್ಲ. ಓ-ರಿಂಗ್‌ನಂಥ (ಸೋರಿಕೆ ತಡೆಯುವ ರಬ್ಬರ್ ಉಂಗುರ) ಭಾಗದಲ್ಲಿ ಹೊತ್ತು ಹೋಗುವುದು ಕೂರಿಸುವುದಕ್ಕಿಂತ ಎತ್ತುವುದರಲ್ಲಿ. ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಎರಡು ಒಟ್ಟಿಗೆ ಬರುತ್ತವೆ, ಜಾರಿ ಬೀಳುತ್ತವೆ.

ಹಂತ 2: ಪ್ರತಿ ಭಾಗಕ್ಕೂ ಮೂರು ಪ್ರಶ್ನೆ

ಜೆಫ್ರಿ ಬೂತ್ರಾಯ್ಡ್ ಮತ್ತು ಪೀಟರ್ ಡ್ಯೂಹರ್ಸ್ಟ್ ಅಮೆರಿಕದಲ್ಲಿ ರೂಪಿಸಿ, 1980ರ ದಶಕದಲ್ಲಿ ಕೈಗಾರಿಕೆಗಳಲ್ಲಿ ಹರಡಿದ ವಿಧಾನ ಇಲ್ಲಿ ಈಗಲೂ ಕೆಲಸಕ್ಕೆ ಬರುತ್ತದೆ. ಭಾಗವೊಂದು ಬೇರೆಯಾಗಿಯೇ ಇರಬೇಕೆ ಎಂದು ತೀರ್ಮಾನಿಸಲು ಕೇಳುವುದು ಮೂರೇ: ಪಕ್ಕದ ಭಾಗಕ್ಕೆ ಹೋಲಿಸಿದರೆ ಇದು ಚಲಿಸಲೇಬೇಕೆ? ಬೇರೆ ವಸ್ತುವಿನದೇ ಆಗಬೇಕೆ? ಇದು ಬೇರೆಯಾಗಿಲ್ಲದಿದ್ದರೆ ಉಳಿದವನ್ನು ಜೋಡಿಸಲು ಅಥವಾ ಬಿಚ್ಚಲು ಆಗುವುದೇ ಇಲ್ಲವೆ? ಮೂರಕ್ಕೂ ‘ಇಲ್ಲ’ ಎಂದು ಬಂದರೆ ಆ ಭಾಗ ಪಕ್ಕದ್ದರಲ್ಲಿ ಕರಗಿಹೋಗಬಹುದು. ಸ್ಕ್ರೂ, ನಟ್ಟುಗಳಿಗೆ ಈ ಲೆಕ್ಕದಲ್ಲಿ ಜಾಗವೇ ಇಲ್ಲ. ಅವು ಬರೀ ಹಿಡಿದಿಡುವ ಆಳುಗಳು.

ನಮ್ಮ ಮಿಕ್ಸರಿನಲ್ಲಿ ಈ ಜರಡಿ ದಾಟುವುದು ಏಳೇ: ಬಾಡಿ, ಕಾರ್ಟ್ರಿಜ್, ಲಿವರ್, ಏರೇಟರ್, ಬುಡದ ಸೀಲ್, ಎರಡು ಹೋಸ್. ಒಂದು ಭಾಗಕ್ಕೆ ಆದರ್ಶ ಹೊತ್ತು 3 ಸೆಕೆಂಡು ಎಂದು ಹಿಡಿಯುತ್ತಾರೆ. ಅಲ್ಲಿಗೆ 21 ಸೆಕೆಂಡು. ನಿಮ್ಮ ಸ್ಟಾಪ್‌ವಾಚ್ 168 ಸೆಕೆಂಡು ತೋರಿಸಿತು ಎನ್ನಿ. 21ನ್ನು 168ರಿಂದ ಭಾಗಿಸಿದರೆ ಶೇ 12.5. ಇದೇ ಜೋಡಣೆಯ ದಕ್ಷತೆ. ಕೆಲಸ 84 ಸೆಕೆಂಡಿಗೆ ಇಳಿದರೆ ಶೇ 25. ನೂರಕ್ಕೆ ನೂರು ಯಾರಿಗೂ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಎರಡು ವಿನ್ಯಾಸಗಳನ್ನು ಎದುರುಬದುರು ಇಟ್ಟು ನೋಡಲು ಮಾತ್ರ ಈ ಅಂಕಿ.

ಏಳು ಎಂಬುದು ಕಾಗದದ ಮೇಲಿನ ಗುರಿ. ಕಾರ್ಯರೂಪಕ್ಕೆ ಬರುವ ಪಟ್ಟಿ ಹೀಗಿರುತ್ತದೆ. ಡೋಮ್ ತೆಗೆಯಿರಿ: ಲಾಕ್ ನಟ್ಟನ್ನು ಬಾಡಿಯ ಒಳಗೆ ಇಳಿಯುವಂತೆ ಮಾಡಿ, ಲಿವರಿನ ಅಂಚೇ ಅದನ್ನು ಮರೆಮಾಡಲಿ. ಬಟನ್ ತೆಗೆಯಿರಿ: ಗ್ರಬ್ ಸ್ಕ್ರೂವನ್ನು ಲಿವರಿನ ಹಿಂಬದಿಯ ಕೆಳಮುಖಕ್ಕೆ ಸರಿಸಿ, ಬಿಸಿ-ತಣ್ಣೀರಿನ ಗುರುತನ್ನು ಲೇಸರಿನಲ್ಲಿ ಕೊರೆಯಿರಿ. ಏರೇಟರಿನ ಮೂರು ಭಾಗ ಒಂದಾಗಲಿ. ಬುಡದ ಬಳೆ ಬೇಡ, ಬಾಡಿಯ ತಳದಲ್ಲೇ ಸೀಲಿಗೆ ತೋಡು ಕೊರೆದರೆ ಸಾಕು. ಸ್ಟಡ್ ಎರಡರಿಂದ ಒಂದಕ್ಕೆ, ನಟ್ ಎರಡರಿಂದ ಒಂದಕ್ಕೆ ಇಳಿಯಲಿ. ಕುದುರೆಲಾಳದ ರಬ್ಬರನ್ನು ಲೋಹದ ಪಟ್ಟಿಗೇ ಅಂಟಿಸಿ ತರಿಸಿ. ಎಣಿಸಿದರೆ 12.

ಡೋಮ್ ತೆಗೆಯುವ ಮಾತಿಗೆ ಒಂದು ಎಚ್ಚರಿಕೆ. ನಟ್ ಒಳಗಿಳಿದರೆ ಬಾಡಿಯ ಮೇಲ್ಭಾಗದ ಗೋಡೆ ದಪ್ಪವಾಗುತ್ತದೆ, ಹಿತ್ತಾಳೆಯ ತೂಕ ಏರುತ್ತದೆ. ಹಿತ್ತಾಳೆ ಕಿಲೋ ಲೆಕ್ಕದಲ್ಲಿ ಬರುವ ವಸ್ತು. ಭಾಗ ಒಂದು ಹೋಯಿತೆಂದು ಹಿಗ್ಗುವ ಮುನ್ನ ಬಾಡಿಯನ್ನು ತೂಗಿ ನೋಡಿ.

ಹಂತ 3: ಕಾರ್ಟ್ರಿಜ್ ಕೂರುವ ಬಾವಿ

ಈ ನಲ್ಲಿಯ ಜೀವ ಇರುವುದು ಇಲ್ಲಿ, ಸೋರಿಕೆಯ ದೂರುಗಳಿಗೂ ಇದೇ ತವರು. ಕಾರ್ಟ್ರಿಜ್‌ನ ತಳದಲ್ಲಿ ನೀರು ಬರುವ-ಹೋಗುವ ಕಿಂಡಿಗಳಿಗೆ ರಬ್ಬರ್ ಸೀಲ್ ಇರುತ್ತದೆ. ಪಕ್ಕದಲ್ಲಿ ದಿಕ್ಕು ತಪ್ಪದಂತೆ ಎರಡು ಗೂಟಗಳು. ಇವು ಬಾವಿಯ ತಳದ ಎರಡು ತೂತುಗಳಲ್ಲಿ ಇಳಿಯಬೇಕು.

ಗೂಟಗಳು ಕೇಂದ್ರದ ಎರಡೂ ಕಡೆ ಸಮಾನವಾಗಿದ್ದರೆ ಕಾರ್ಟ್ರಿಜ್ 180 ಡಿಗ್ರಿ ತಿರುಗಿಯೂ ಕೂತುಬಿಡುತ್ತದೆ. ಆಗ ಎಡಕ್ಕೆ ಬರಬೇಕಾದ ಬಿಸಿನೀರು ಬಲಕ್ಕೆ ಹೋಗುತ್ತದೆ. ಗೊತ್ತಾಗುವುದು ಮನೆಯಲ್ಲಿ, ಗೀಸರ್ ಹಾಕಿದ ಮೇಲೆ. ಗೂಟಗಳು ಕೇಂದ್ರದಿಂದ ಸರಿದಿರುವ ಅಥವಾ ಒಂದು ದಪ್ಪ ಒಂದು ಸಣ್ಣ ಇರುವ ಕಾರ್ಟ್ರಿಜ್ ಆರಿಸಿ, ತೂತುಗಳನ್ನೂ ಹಾಗೇ ಕೊರೆಯಿರಿ. ‘ಕೆಂಪು ಗುರುತು ಎಡಕ್ಕೆ ಇರಲಿ’ ಎಂದು ಬೆಂಚಿನ ಮೇಲೆ ಚೀಟಿ ಅಂಟಿಸುವುದು ವಿನ್ಯಾಸವಲ್ಲ.

ತೂತಿನ ಆಳ ಗೂಟಕ್ಕಿಂತ ಕನಿಷ್ಠ 1 ಮಿಮೀ ಹೆಚ್ಚಿರಲಿ. ಲೇತಿನಿಂದ ಬಂದ ಹಿತ್ತಾಳೆ ಚೂರು ತೊಳೆದರೂ ತೂತಿನ ತಳದಲ್ಲಿ ಕಚ್ಚಿಕೊಂಡಿರುವುದುಂಟು. ಆಳ ಸರಿಸಮ ಇದ್ದರೆ ಆ ಒಂದು ಚೂರಿನ ಮೇಲೆ ಗೂಟ ನಿಂತು ಕಾರ್ಟ್ರಿಜ್ ಕೂದಲೆಳೆಯಷ್ಟು ವಾಲುತ್ತದೆ. ಹೆಚ್ಚು ಒತ್ತಡದಲ್ಲಿ ಪರೀಕ್ಷಿಸಿದಾಗ ಸರಿಯಾಗಿ ಕಂಡು, ಕಡಿಮೆ ಒತ್ತಡದಲ್ಲಿ ಜಿನುಗುವ ನಲ್ಲಿ ಸಿಕ್ಕರೆ ಮೊದಲು ಈ ತೂತುಗಳನ್ನು ನೋಡಿ.

ಲಾಕ್ ನಟ್ಟಿನ ಥ್ರೆಡ್ ಸಣ್ಣ ಅಂತರದ್ದು, ಹಾಗಾಗಿ ಓರೆಯಾಗಿ ಹತ್ತುವುದು ಸುಲಭ. ನಟ್ಟಿನ ತುದಿಯಲ್ಲಿ ಥ್ರೆಡ್ಡೇ ಇಲ್ಲದ 2 ಮಿಮೀ ಉದ್ದದ ನುಣುಪು ಭಾಗ ಬಿಡಿ. ಅದು ಮೊದಲು ಬಾವಿಯೊಳಗೆ ಇಳಿದು ನೆಟ್ಟಗೆ ನಿಂತ ಮೇಲಷ್ಟೇ ಥ್ರೆಡ್ ಹಿಡಿಯುತ್ತದೆ. ಇದಕ್ಕೆ ಲೇತಿನಲ್ಲಿ ಹೆಚ್ಚುವರಿ ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಓರೆ ಥ್ರೆಡ್ಡಿನಿಂದ ಬಾಡಿಯೇ ಗುಜರಿಗೆ ಹೋಗುವುದನ್ನು ಇದು ತಪ್ಪಿಸುತ್ತದೆ. ರಿಪೇರಿಯ ಹಾಳೆಯಲ್ಲೂ ಒಂದು ಸಾಲು ಸೇರಿಸಿ: ನಟ್ಟನ್ನು ಮೊದಲು ಹಿಂದಕ್ಕೆ ತಿರುಗಿಸಿ, ‘ಟಿಕ್’ ಎಂದು ಇಳಿದ ಮೇಲೆ ಮುಂದಕ್ಕೆ ತಿರುಗಿಸಿ.

ಎಷ್ಟು ಬಿಗಿಯಬೇಕು? ಹಿತ್ತಾಳೆ ನಟ್ಟಿಗೆ ಸಾಮಾನ್ಯವಾಗಿ 10 ನ್ಯೂಟನ್-ಮೀಟರ್ ಆಸುಪಾಸು, ಆದರೆ ಕಾರ್ಟ್ರಿಜ್ ತಯಾರಕರ ಹಾಳೆಯಲ್ಲಿರುವ ಅಂಕಿಯೇ ಪ್ರಮಾಣ. ಹೆಚ್ಚಾದರೆ ಪ್ಲಾಸ್ಟಿಕ್ ಕವಚ ಅಮುಕಿ ಸೆರಾಮಿಕ್ ತಟ್ಟೆಗಳು ಒಂದನ್ನೊಂದು ಒತ್ತುತ್ತವೆ, ಲಿವರ್ ಬಿರುಸಾಗುತ್ತದೆ. ಕಡಿಮೆಯಾದರೆ ತಳದ ಸೀಲ್ ಅಮುಕುವುದಿಲ್ಲ. ಈ ಕೈಲೆಕ್ಕವನ್ನೇ ಇಲ್ಲವಾಗಿಸುವ ದಾರಿಯೂ ಇದೆ: ನಟ್ಟಿನ ಭುಜ ಬಾಡಿಯ ಭುಜಕ್ಕೆ ತಾಗಿ ತಾನೇ ನಿಲ್ಲುವ ಹಾಗೆ ಅಳತೆ ಕಟ್ಟುವುದು. ಆಗ ಸೀಲ್ ಎಷ್ಟು ಅಮುಕಬೇಕು ಎಂಬುದನ್ನು ಡ್ರಾಯಿಂಗೇ ತೀರ್ಮಾನಿಸುತ್ತದೆ, ಜೋಡಿಸುವವರ ಮಣಿಕಟ್ಟಲ್ಲ. ಮನೆಯಲ್ಲಿ ಟಾರ್ಕ್ ರೆಂಚ್ ಇಲ್ಲದ ಪ್ಲಂಬರಿಗೂ ಇದರಿಂದ ಉಪಕಾರ. ಆದರೆ ಬಾವಿಯ ಆಳವನ್ನು ±0.05 ಮಿಮೀ ಒಳಗೆ ಹಿಡಿಯಲಾಗದ ಯಂತ್ರದಲ್ಲಿ ಇದಕ್ಕೆ ಕೈ ಹಾಕಬೇಡಿ. ಬಾವಿ 0.2 ಮಿಮೀ ಹೆಚ್ಚು ಆಳವಾದರೂ ನಟ್ ಬಿಗಿಯಾಗಿ ನಿಂತಿರುತ್ತದೆ, ಸೀಲ್ ಮಾತ್ರ ಸಡಿಲವಾಗಿರುತ್ತದೆ.

ಇನ್ನೊಂದು: ಕಾರ್ಟ್ರಿಜ್, ನಟ್, ಲಿವರ್ ಮೂರೂ ಮೇಲಿನಿಂದ ಕೆಳಕ್ಕೆ, ಒಂದೇ ದಿಕ್ಕಿನಲ್ಲಿ ಇಳಿಯಬೇಕು. ಏರೇಟರಿಗೂ ಬುಡಕ್ಕೂ ಸೇರಿ ಬಾಡಿಯನ್ನು ಒಂದೇ ಒಂದು ಸಲ ಮಗುಚಿದರೆ ಸಾಕೆನ್ನುವಂತಿರಲಿ. ಮಗುಚಿದಾಗಲೆಲ್ಲ ಕ್ರೋಮಿಗೆ ಗೀರು ಬೀಳುವ ಸಾಧ್ಯತೆ ಇದ್ದೇ ಇರುತ್ತದೆ.

ಹಂತ 4: ಓ-ರಿಂಗ್ ಹರಿಯದಂತೆ ದಾರಿ ಮಾಡುವುದು

ಥ್ರೆಡ್ಡಿಗೆ ಟೇಪ್ ಸುತ್ತಿ ನೀರು ನಿಲ್ಲಿಸುವುದಕ್ಕಿಂತ ಓ-ರಿಂಗ್ ತಳ್ಳಿ ಕೂರಿಸುವುದು ಬೇಗ. ಆದರೆ ತಳ್ಳುವಾಗ ಕಣ್ಣಿಗೆ ಕಾಣದಂತೆ ಹರಿದರೆ ಅದಕ್ಕಿಂತ ಕೆಟ್ಟದ್ದಿಲ್ಲ. 2 ಮಿಮೀ ದಪ್ಪದ ಓ-ರಿಂಗ್ ತೆಗೆದುಕೊಳ್ಳಿ. ಚಲಿಸದ ಜಾಗದಲ್ಲಿ ಅದಕ್ಕೆ 1.6 ಮಿಮೀ ಎತ್ತರದ ಅವಕಾಶ ಕೊಟ್ಟರೆ ಶೇ 20 ಅಮುಕುತ್ತದೆ, ಇದು ಸರಿ. ಅದು ಕೂರುವ ತೋಡಿನ ಅಗಲ 2.6 ಮಿಮೀ ಇದ್ದರೆ ರಬ್ಬರ್ ಅದರ ಮುಕ್ಕಾಲು ಭಾಗ ತುಂಬುತ್ತದೆ, ಹಿಗ್ಗಲು ಉಳಿದ ಜಾಗ ಸಾಕು. ಅಡುಗೆಮನೆಯ ಸಿಂಕ್ ಮಿಕ್ಸರಿನ ಆ ಕಡೆ ಈ ಕಡೆ ತಿರುಗುವ ಮೂತಿಗಾದರೆ 1.75 ಮಿಮೀ ಕೊಡಿ, ಅಮುಕು ಶೇ 12.5ಕ್ಕೆ ಇಳಿದು ಮೂತಿ ಹಗುರವಾಗಿ ತಿರುಗುತ್ತದೆ.

ಓ-ರಿಂಗ್ ಒಳಹೋಗುವ ಬಾಯಿಗೆ ಇಳಿಜಾರು ಬೇಕೇ ಬೇಕು. 0.4 ಮಿಮೀ ಅಮುಕಿಗೆ, ಕೇಂದ್ರ ತಪ್ಪುವ ಅಳತೆಯನ್ನೂ ಸೇರಿಸಿ 0.6 ಮಿಮೀ ಎತ್ತರದ ಇಳಿಜಾರು ಕೊಡಿ. 20 ಡಿಗ್ರಿ ಕೋನದಲ್ಲಿ ಅದರ ಉದ್ದ ಸುಮಾರು 1.65 ಮಿಮೀ ಆಗುತ್ತದೆ. ಡ್ರಾಯಿಂಗಿನಲ್ಲಿ ರೂಢಿಯಂತೆ ‘0.5 × 45 ಡಿಗ್ರಿ’ ಎಂದು ಬರೆದು ಮುಗಿಸಿದರೆ ಅದು ಇಳಿಜಾರಲ್ಲ, ಕತ್ತಿಯಂಚು. ಓ-ರಿಂಗ್ ದಾಟುವ ದಾರಿಯಲ್ಲಿ ಥ್ರೆಡ್ ಅಥವಾ ಅಡ್ಡ ತೂತು ಇದ್ದರೆ ಅಲ್ಲೂ ಇದೇ ಕಥೆ. ಥ್ರೆಡ್ಡಿನ ಭಾಗದ ವ್ಯಾಸವನ್ನು ಬೇರೆ ಮಾಡಿ, ರಬ್ಬರ್ ಅದಕ್ಕೆ ತಾಗದೆ ಹಾಯುವಂತೆ ಮಾಡಿ.

ಗ್ರೀಸ್ ವಿಷಯದಲ್ಲಿ ಕೈಗೆ ಸಿಕ್ಕಿದ್ದು ಸಾಲದು. ಕುಡಿಯುವ ನೀರಿನ ಕೆಲಸಕ್ಕೆ ಹೆಚ್ಚಾಗಿ ಬಳಸುವ ಇಪಿಡಿಎಂ ರಬ್ಬರ್ ಪೆಟ್ರೋಲಿಯಂ ಗ್ರೀಸ್ ತಾಗಿದರೆ ಊದಿಕೊಳ್ಳುತ್ತದೆ. ಬೆಂಚಿನ ಮೇಲೆ ಬೇರಿಂಗಿನ ಗ್ರೀಸ್ ಡಬ್ಬಿ ಇಡಲೇಬೇಡಿ, ಕುಡಿಯುವ ನೀರಿಗೆ ಒಪ್ಪಿತವಾದ ಸಿಲಿಕೋನ್ ಗ್ರೀಸ್ ಮಾತ್ರ ಇರಲಿ.

ಹಂತ 5: ಪ್ಲೇಟಿಂಗ್ ಥ್ರೆಡ್ಡನ್ನು ದಪ್ಪ ಮಾಡುತ್ತದೆ

ಲೇತಿನಿಂದ ಬಂದಾಗ ಬೆರಳಲ್ಲಿ ಸಲೀಸಾಗಿ ತಿರುಗುತ್ತಿದ್ದ ಭಾಗ ಕ್ರೋಮ್ ಆಗಿ ಬಂದ ಮೇಲೆ ಅರ್ಧದಲ್ಲೇ ಕಚ್ಚಿಕೊಳ್ಳುತ್ತದೆ. ಕಾರಣ ಲೆಕ್ಕದಲ್ಲಿದೆ. 60 ಡಿಗ್ರಿಯ ಮೆಟ್ರಿಕ್ ಥ್ರೆಡ್ಡಿನ ಮೇಲೆ ಪ್ಲೇಟಿಂಗ್ ಎಷ್ಟು ದಪ್ಪ ಕೂರುತ್ತದೋ ಅದರ ನಾಲ್ಕರಷ್ಟು ಪಿಚ್ ವ್ಯಾಸ (ಥ್ರೆಡ್ಡಿನ ಏಣು-ತಗ್ಗುಗಳ ನಡುಮಟ್ಟದ ವ್ಯಾಸ) ಬದಲಾಗುತ್ತದೆ. 10 ಮೈಕ್ರಾನ್ ನಿಕ್ಕಲ್ ಕೂತರೆ 40 ಮೈಕ್ರಾನ್. ನಿಕ್ಕಲ್‌ನ ಮೇಲಿನ ಕ್ರೋಮ್ ಪದರ ಬಹಳ ತೆಳು, ಅದು ಲೆಕ್ಕಕ್ಕೆ ಬರುವುದಿಲ್ಲ. ಪ್ಲೇಟಿಂಗ್ ಚೂಪಾದ ಅಂಚಿನಲ್ಲಿ ಹೆಚ್ಚು, ಆಳದಲ್ಲಿ ಕಡಿಮೆ ಕೂರುವುದರಿಂದ ಹೊರಥ್ರೆಡ್ಡಿನ ತುದಿಯ ಸುತ್ತುಗಳೇ ಮೊದಲು ಕಾಡುತ್ತವೆ. ಡ್ರಾಯಿಂಗಿನಲ್ಲಿ ಪ್ಲೇಟಿಂಗಿಗೆ ಮೊದಲಿನ ಅಳತೆ, ನಂತರದ ಅಳತೆ ಎರಡನ್ನೂ ಬರೆಯಿರಿ. ಗೋ–ನೋಗೋ ಗೇಜನ್ನು (ಥ್ರೆಡ್ ಅಳತೆಯ ಮಿತಿಯೊಳಗಿದೆಯೇ ಎಂದು ನೋಡುವ ಸಾಧನ) ಪ್ಲೇಟಿಂಗ್ ಆದ ಮೇಲೆ ಹಾಕಿ ನೋಡಿ.

ಏರೇಟರಿನ ಥ್ರೆಡ್ ಹೊಸದಾಗಿ ಕಂಡುಹಿಡಿಯಬೇಡಿ. ಮೂತಿಯಲ್ಲಿ ಒಳಥ್ರೆಡ್ ಇದ್ದರೆ ಎಂ24×1, ಹೊರಥ್ರೆಡ್ ಇದ್ದರೆ ಎಂ22×1 ಎಂಬುದು ಲೋಕರೂಢಿ. ಇದನ್ನು ಬಿಟ್ಟು ಬೇರೆ ಅಳತೆ ಹಾಕಿದರೆ ಮನೆಯವರಿಗೆ ಬದಲಿ ಜಾಲರಿ ಅಂಗಡಿಯಲ್ಲಿ ಸಿಗುವುದಿಲ್ಲ. ಜಾಲರಿ, ಸೀಲ್, ಕವಚ ಒಂದೇ ಆಗಿ ಬರುವ, ನಾಣ್ಯದಿಂದ ತಿರುಗಿಸುವ ಬಗೆಯನ್ನು ಆರಿಸಿ. ಬೋರ್‌ವೆಲ್ಲಿನ ಗಡಸು ನೀರಿರುವ ಕಡೆ ಏರೇಟರಿನಲ್ಲಿ ಬಿಳಿ ಸುಣ್ಣ ಕಟ್ಟುತ್ತದೆ, ಆಗಾಗ ಬಿಚ್ಚಿ ತೊಳೆಯಲೇಬೇಕು. ವಿಶೇಷ ಕೀ ಬೇಕಾದ ಏರೇಟರಿನ ಕೀ ಮೊದಲ ತಿಂಗಳಲ್ಲೇ ಕಳೆದಿರುತ್ತದೆ, ಆಮೇಲೆ ಪ್ಲಾಸ್ಟಿಕ್ಕಿಗೆ ಇಕ್ಕಳ ಬೀಳುತ್ತದೆ.

ಹಂತ 6: ಲಿವರ್

ಲಿವರ್ ಹೆಚ್ಚಾಗಿ ಸತು ಮಿಶ್ರಲೋಹದ ಡೈ-ಕಾಸ್ಟ್. ಅಚ್ಚಿನಿಂದ ಬಿಡಲೆಂದು ಅದರ ಚೌಕ ತೂತಿಗೆ ಕೊಡುವ ಇಳಿಜಾರಿನಿಂದ ಬಾಯಿ ಅಗಲ, ತಳ ಕಿರಿದಾಗುತ್ತದೆ. ಕಾರ್ಟ್ರಿಜ್ ಕಡ್ಡಿ ಅದರಲ್ಲಿ ಅಲುಗಾಡುತ್ತದೆ. ಆ ಅಲುಗಾಟವನ್ನು ಗ್ರಬ್ ಸ್ಕ್ರೂ ಬಿಗಿದು ಮುಚ್ಚಲು ಹೋದರೆ ಸತುವಿನ ಥ್ರೆಡ್ ಕಿತ್ತುಬರುತ್ತದೆ. ತೂತಿನ ಒಳಗೋಡೆಗೆ ತೆಳ್ಳಗಿನ ಏಣುಗಳನ್ನು ಕೊಟ್ಟು, ಕಡ್ಡಿ ಇಳಿಯುವಾಗ ಅವೇ ಜಜ್ಜಿ ಬಿಗಿಯಾಗಿ ಹಿಡಿಯುವಂತೆ ಮಾಡಿ. ಆಗ ಸ್ಕ್ರೂವಿನ ಕೆಲಸ ಲಿವರ್ ಮೇಲೆ ಕಿತ್ತುಬರದಂತೆ ತಡೆಯುವುದಷ್ಟೇ.

ಗ್ರಬ್ ಸ್ಕ್ರೂ ಎಂ5 ಇರಲಿ. ಎಂ5ಕ್ಕೆ 2.5 ಮಿಮೀ ಅಲೆನ್ ಕೀ, ಎಂ4ಕ್ಕೆ 2 ಮಿಮೀ. ಸಣ್ಣ ಕೀ ಸವೆದು ಸ್ಕ್ರೂವಿನ ಬಾಯಿ ದುಂಡಗಾಗುವುದು ಎಂ4ರಲ್ಲೇ ಹೆಚ್ಚು. ಲಿವರಿಗೂ ಬಾಡಿಗೂ ನಡುವೆ ಒಂದೇ ಸಮನಾದ ಸಂದು ಬಿಡಿ, 0.8 ಮಿಮೀ ಆದರೂ ಇರಲಿ. ಸಂದು ತೀರಾ ಕಡಿಮೆಯಾದರೆ ಅಳತೆ ತಪ್ಪಿದ ನಲ್ಲಿಯಲ್ಲಿ ಲಿವರ್ ಬಾಡಿಗೆ ಉಜ್ಜುತ್ತದೆ.

ಹಂತ 7: ಬೇಸಿನ್ನಿನ ಕೆಳಗೆ

ಒಂದು ಹಾಳೆಯ ಮೇಲೆ 35 ಮಿಮೀ ವೃತ್ತ ಬರೆಯಿರಿ. ಬೇಸಿನ್ನಿನ ತೂತು ಇಷ್ಟೇ, ಕೆಲವದರಲ್ಲಿ 32. ಅದರೊಳಗೆ ಹೋಸ್ ಎಂದು 14 ಮಿಮೀ ವೃತ್ತ ಎರಡು, ಸ್ಟಡ್ ಎಂದು 8 ಮಿಮೀ ವೃತ್ತ ಒಂದು ಹಾಕಿ. ಮೂರೂ ಹಿಡಿಯುತ್ತವೆ. ಈಗ ಹೋಸಿನ ಕೆಳತುದಿಯ ಅರ್ಧ ಇಂಚಿನ ನಟ್ ಬರೆಯಿರಿ: ಚಪ್ಪಟೆ ಮುಖದಿಂದ ಮುಖಕ್ಕೆ 24 ಮಿಮೀ ಇದ್ದರೆ ಮೂಲೆಯಿಂದ ಮೂಲೆಗೆ 27.7. ಮೊದಲ ಹೋಸಿನ ನಟ್ ತೂತಿನಲ್ಲಿ ಇಳಿಯುತ್ತದೆ. ಎರಡನೆಯದು ಇಳಿಯುವ ಹೊತ್ತಿಗೆ ಮೊದಲ ಹೋಸ್ 14 ಮಿಮೀ ಜಾಗ ಹಿಡಿದಿರುತ್ತದೆ. 27.7ಕ್ಕೆ 14 ಸೇರಿದರೆ 41.7. ಇಳಿಯುವುದಿಲ್ಲ.

ಅಂದರೆ ಎರಡೂ ಹೋಸನ್ನು ಕಾರ್ಖಾನೆಯಲ್ಲೇ ಬಾಡಿಗೆ ಕಟ್ಟಿ ಪೆಟ್ಟಿಗೆಗೆ ಹಾಕಿದರೆ ಪ್ಲಂಬರ್ ಮೊದಲು ಮಾಡುವ ಕೆಲಸ ಅವನ್ನು ಬಿಚ್ಚುವುದು. ಹೋಸಿನ ಎಂ10×1 ತುದಿಯನ್ನು ಕೆಳಗಿನಿಂದ ತೂತಿನ ಮೂಲಕ ಮೇಲಕ್ಕೆ ತೂರಿಸಿ, ಬೇಸಿನ್ನಿನ ಮೇಲೆ ಬೆಳಕಿನಲ್ಲಿ ಬಾಡಿಗೆ ತಿರುಗಿಸಿ, ಆಮೇಲೆ ಕೆಳಕ್ಕೆ ಎಳೆದುಕೊಳ್ಳುವುದೇ ಸರಿಯಾದ ಕ್ರಮ. ಸೂಚನಾ ಹಾಳೆಯ ಮೊದಲ ಚಿತ್ರ ಇದೇ ಆಗಿರಬೇಕು. ಮೂರು ಎಂಟನೇ ಇಂಚಿನ ಸಣ್ಣ ನಟ್ ಬಳಸಿದರೆ ತೊಂದರೆ ತಪ್ಪಬಹುದಿತ್ತು, ಆದರೆ ನಮ್ಮ ಮನೆಗಳ ಆಂಗಲ್ ಕಾಕ್ (ಹೋಸ್ ಸೇರುವ ಗೋಡೆಯ ಕವಾಟ) ಸಾಮಾನ್ಯವಾಗಿ ಅರ್ಧ ಇಂಚಿನದು.

ಬಾಡಿಯ ತಳದಲ್ಲಿ ಎರಡು ಎಂ10 ತೂತು ಪಕ್ಕಪಕ್ಕದಲ್ಲೇ ಇರುವುದರಿಂದ ಎರಡನೆಯ ಹೋಸಿಗೆ ಸ್ಪ್ಯಾನರ್ ಹಿಡಿಯುವುದಿಲ್ಲ. ಇದಕ್ಕೆ ಹಳೆಯ, ಒಳ್ಳೆಯ ಉಪಾಯವಿದೆ: ಒಂದು ಹೋಸಿನ ಕುತ್ತಿಗೆ ಗಿಡ್ಡ, ಇನ್ನೊಂದರದು ಉದ್ದ. ಗಿಡ್ಡದ್ದನ್ನು ಮೊದಲು ಬಿಗಿದರೆ ಉದ್ದದ್ದರ ಹಿಡಿ ಅದರ ಕೆಳಗೆ ಬೇರೆ ಎತ್ತರದಲ್ಲಿ ನಿಲ್ಲುತ್ತದೆ. ಸೀಲ್ ಮಾಡುವುದು ಕುತ್ತಿಗೆಯ ಓ-ರಿಂಗ್, ಆದ್ದರಿಂದ ಕೈಯಲ್ಲಿ ಬಿಗಿದು ಮೇಲೆ ಕಾಲು ಸುತ್ತು ಸಾಕು. ಹೋಸಿನ ಮೇಲೆ ಉದ್ದಕ್ಕೂ ಒಂದು ಬಣ್ಣದ ಗೆರೆ ಇರಲಿ. ಬಿಗಿಯುವಾಗ ಹೋಸ್ ತಿರುಚಿಕೊಂಡರೆ ಗೆರೆ ಸುರುಳಿಯಾಗಿ ಕಾಣುತ್ತದೆ, ತಿರುಚಿದ ಹೋಸ್ ಮುಂದೆ ಕುತ್ತಿಗೆಯ ಬಳಿ ಬಿರಿಯುತ್ತದೆ.

ಸ್ಟಡ್ ಒಂದಕ್ಕೆ ಇಳಿಸಿದ್ದರಿಂದ ಕೆಲಸ ಅರ್ಧವಾಯಿತು, ಅಪಾಯ ಒಂದು ಬಂತು. ಲಿವರನ್ನು ಪಕ್ಕಕ್ಕೆ ತಳ್ಳಿದಾಗ ಇಡೀ ನಲ್ಲಿ ತಿರುಗಬಹುದು. ಹಿಡಿಯುವ ಪಟ್ಟಿ ತೂತಿನ ಅಂಚಿನಿಂದ ಆದಷ್ಟು ಹೊರಕ್ಕೆ ಚಾಚಿರಲಿ, ಬುಡದ ಸೀಲ್ ಜಾರದ ರಬ್ಬರಿನದಾಗಿರಲಿ. ಸಿಂಕಿನ ಸ್ಟೀಲ್ ತಗಡು 0.8ರಿಂದ 1 ಮಿಮೀ ಮಾತ್ರ ಇರುತ್ತದೆ. ಎತ್ತರದ ಮೂತಿಯ ಮಿಕ್ಸರ್ ಅದರ ಮೇಲೆ ಒಂದೇ ಸ್ಟಡ್ಡಿನಲ್ಲಿ ನಿಂತರೆ ತಗಡೇ ಬಾಗಿ ನಲ್ಲಿ ತಲೆಯಾಡಿಸುತ್ತದೆ. ಅಂಥದ್ದಕ್ಕೆ ಕೆಳಗೆ ಅಗಲವಾದ ತ್ರಿಕೋನ ಬಲಪಟ್ಟಿ ಕೊಡಲೇಬೇಕು, ಭಾಗ ಒಂದು ಹೆಚ್ಚಾದರೂ ಚಿಂತೆಯಿಲ್ಲ.

ಇನ್ನು ದಪ್ಪದ ಪ್ರಶ್ನೆ. ಗ್ರಾನೈಟ್ ಕಟ್ಟೆ 18–20 ಮಿಮೀ ಇರುತ್ತದೆ, ಅಂಚಿಗೆ ಪಟ್ಟಿ ಅಂಟಿಸಿ ಎರಡು ಪದರ ಮಾಡಿದ ಕಡೆ 40ರವರೆಗೂ ಹೋಗುತ್ತದೆ. ಸ್ಟಡ್ಡಿನ ಉದ್ದವನ್ನು 40 ಮಿಮೀ ಕಟ್ಟೆಗೆ ಲೆಕ್ಕ ಹಾಕಿ. ಆದರೆ ತೆಳು ಬೇಸಿನ್ನಿನಲ್ಲಿ ಅದೇ ಉದ್ದದ ಸ್ಟಡ್ಡಿಗೆ ಇಪ್ಪತ್ತು ಮೂವತ್ತು ಸುತ್ತು ನಟ್ ತಿರುಗಿಸಬೇಕಾಗುತ್ತದೆ: ಎಂ8ರ ಒಂದು ಸುತ್ತಿಗೆ ನಟ್ ಚಲಿಸುವುದು 1.25 ಮಿಮೀ. ಅದಕ್ಕೆಂದೇ ಸ್ಟಡ್ಡಿನ ತುದಿಗೆ ಒಂದು ಕೊರಕಲು ಕೊಟ್ಟು, ಸ್ಟಡ್ಡನ್ನೇ ಸ್ಕ್ರೂಡ್ರೈವರಿನಿಂದ ಬಾಡಿಯೊಳಗೆ ಹೆಚ್ಚು ಕಡಿಮೆ ಇಳಿಸಲು ಬರುವಂತೆ ಮಾಡಬಹುದು. ನಟ್ 13 ಮಿಮೀ ಮುಖದ್ದು. ಜೊತೆಗೆ ಉದ್ದ ಕೊಳವೆಯಂಥ ಒಂದು ಸ್ಪ್ಯಾನರನ್ನು ಪೆಟ್ಟಿಗೆಯಲ್ಲೇ ಇಡಿ.

ಗೋಡೆಯ ನಲ್ಲಿ: ಮುಖ ಕೆಳಕ್ಕೆ ನಿಲ್ಲಬೇಕು

ಬಿಬ್ ಕಾಕ್ ಕೂರಿಸುವವರ ಸಂಕಟ ಒಂದೇ. ಟೇಪ್ ಸುತ್ತಿ ತಿರುಗಿಸುತ್ತಾ ಹೋದರೆ ನಲ್ಲಿ ಬಿಗಿಯಾಗುವ ಹೊತ್ತಿಗೆ ಮೂತಿ ಗಡಿಯಾರದ ಮೂರು ಗಂಟೆಗೆ ನಿಂತಿರುತ್ತದೆ. ಮುಂದಕ್ಕೆ ಕಾಲು ಸುತ್ತು ಒತ್ತಿದರೆ ಗೋಡೆಯೊಳಗಿನ ಸಿಪಿವಿಸಿ ಎಲ್ಬೋದ ಹಿತ್ತಾಳೆ ಒಳತಿರುಪು ಬಿಟ್ಟುಕೊಳ್ಳುತ್ತದೆ, ಹಿಂದಕ್ಕೆ ತಿರುಗಿಸಿದರೆ ಸೋರುತ್ತದೆ. ಅರ್ಧ ಇಂಚಿನ ಪೈಪ್ ಥ್ರೆಡ್ಡಿನ ಅಂತರ 1.814 ಮಿಮೀ. ಕಾಲು ಸುತ್ತೆಂದರೆ 0.45 ಮಿಮೀ, ಗೋಡೆಯೊಳಗೆ ಅಷ್ಟು ನಿಖರವಾಗಿ ಯಾರೂ ಎಲ್ಬೋ ಕೂರಿಸಿರುವುದಿಲ್ಲ.

ಇದನ್ನು ವಿನ್ಯಾಸದಲ್ಲೇ ಬಿಡಿಸಬೇಕು. ನೀರು ಒಳಬರುವ ಥ್ರೆಡ್ ಕೊಳವೆ ತುಂಡನ್ನು ಬಾಡಿಯಿಂದ ಬೇರೆ ಮಾಡಿ: ಮೊದಲು ಅದನ್ನು ಗೋಡೆಗೆ ಬೇಕಾದಷ್ಟು ಬಿಗಿಯಲಿ, ಆಮೇಲೆ ಬಾಡಿಯನ್ನು ಯೂನಿಯನ್ ನಟ್ ಮತ್ತು ಚಪ್ಪಟೆ ವಾಷರಿನಿಂದ ಬೇಕಾದ ದಿಕ್ಕಿಗೆ ನಿಲ್ಲಿಸಿ ಹಿಡಿಯಲಿ. ಭಾಗ ಎರಡು ಹೆಚ್ಚಾಯಿತು, ಕಾರ್ಖಾನೆಯ ದಕ್ಷತೆಯ ಅಂಕಿ ಇಳಿಯಿತು, ಆದರೂ ಇದೇ ಸರಳ. ಗೋಡೆ ಮಿಕ್ಸರಿನಲ್ಲಿ ಎರಡು ಪೈಪುಗಳ ನಡುವೆ 150 ಮಿಮೀ ಇರಬೇಕಾದ ಕಡೆ 145 ಅಥವಾ 156 ಬಂದಾಗ ಕಾಪಾಡುವ ಓರೆ ಕಾಲುಗಳೂ ಇದೇ ಬುದ್ಧಿಯವು. ಥ್ರೆಡ್ಡಿನಲ್ಲೇ ನೀರು ನಿಲ್ಲಬೇಕಾದ ಜೋಡಣೆಗೆ ಭಾರತೀಯ ಮಾನಕ ಐಎಸ್ 554, ವಾಷರಿನಿಂದ ನಿಲ್ಲುವ ಜೋಡಣೆಗೆ ಐಎಸ್ 2643 ಅನ್ವಯ. ಎರಡನ್ನೂ ಬೆರೆಸಿ ಡ್ರಾಯಿಂಗ್ ಮಾಡಿದರೆ ಟೇಪ್ ಎಲ್ಲಿ ಸುತ್ತಬೇಕೆಂಬುದು ಪ್ಲಂಬರಿಗೂ ತಿಳಿಯುವುದಿಲ್ಲ.

ಪ್ಲಾಸ್ಟಿಕ್ ಕೊಕ್ಕೆಗಳ ಬಗ್ಗೆ

ಬಳೆ, ಮುಚ್ಚಳಗಳಿಗೆ ಸ್ಕ್ರೂ ಬದಲು ಕ್ಲಿಕ್ ಎಂದು ಕೂರುವ ಕೊಕ್ಕೆ ಒಳ್ಳೆಯದು. 12 ಮಿಮೀ ಉದ್ದ, 1.5 ಮಿಮೀ ದಪ್ಪದ ಕೊಕ್ಕೆ 1 ಮಿಮೀ ಬಾಗಬೇಕಾದರೆ ಅದರ ಬುಡದಲ್ಲಿ ಬೀಳುವ ಹಿಗ್ಗು: 1.5 × 1.5 × 1 ÷ 144 (ಮೊದಲ 1.5 ಸೂತ್ರದ ಸ್ಥಿರ ಅಂಕಿ, 144 ಉದ್ದದ ವರ್ಗ), ಅಂದರೆ ಸುಮಾರು ಶೇ 1.6. ಅಸಿಟಾಲ್ ಎಂಬ ಪ್ಲಾಸ್ಟಿಕ್ ಇದನ್ನು ಹಲವು ಸಲ ತಾಳುತ್ತದೆ. ಉದ್ದವನ್ನು 6 ಮಿಮೀಗೆ ಇಳಿಸಿದರೆ ಅದೇ ಹಿಗ್ಗು ನಾಲ್ಕು ಪಟ್ಟು ಏರಿ ಶೇ 6 ದಾಟುತ್ತದೆ, ಒಂದೆರಡು ಸಲ ಬಿಚ್ಚುವಷ್ಟರಲ್ಲಿ ಮುರಿಯುತ್ತದೆ. ಹಿಡಿಯುವ ಮುಖವನ್ನು ನೇರ 90 ಡಿಗ್ರಿ ಮಾಡಿದರೆ ಬಿಚ್ಚಲು ಬರುವುದಿಲ್ಲ, 45ರ ಸುಮಾರಿಗೆ ಓರೆ ಕೊಡಿ. ಬಿಸಿಯಾದ ಕ್ಲೋರಿನ್ ನೀರಿನಲ್ಲಿ ಸದಾ ಮುಳುಗಿರುವ ಜಾಗಕ್ಕೆ ಅಸಿಟಾಲ್ ಬೇಡ, ಕಾಲಕ್ರಮದಲ್ಲಿ ಅದು ಪುಡಿಯಾಗುತ್ತದೆ.

ಪರೀಕ್ಷೆ

ಮೊದಲ ಹತ್ತು ಮಾದರಿ ಸಿದ್ಧವಾದ ಮೇಲೆ ಸ್ಟಾಪ್‌ವಾಚ್ ಮತ್ತೆ ಹಿಡಿಯಿರಿ. ಬೆಂಚಿನ ಮೇಲೊಮ್ಮೆ. ಗೋಡೆಗೆ ನಿಜವಾಗಿ ಕಟ್ಟಿದ ಬೇಸಿನ್ನಿನ ಕೆಳಗೆ, ಒದ್ದೆ ಕೈಯಲ್ಲಿ, ಪೆಟ್ಟಿಗೆಯೊಳಗಿನ ಉಪಕರಣ ಮಾತ್ರ ಬಳಸಿ ಇನ್ನೊಮ್ಮೆ. ಜೋಡಿಸುವವರು ಯಾವ ಭಾಗವನ್ನು ಎರಡು ಸಲ ತಿರುಗಿಸಿ ನೋಡಿದರು, ಎಲ್ಲಿ ತಡೆದರು ಎಂದು ಬರೆದುಕೊಳ್ಳಿ. ಪಕ್ಕದಲ್ಲಿ ನಿಂತು ಹೇಳಿಕೊಡಬೇಡಿ.

ಸೋರಿಕೆಗೆ ಯುರೋಪಿನ ಮಾನಕ ಇಎನ್ 817 ಹೇಳುವ ಕ್ರಮ ಉಪಯುಕ್ತ: ಲಿವರ್ ಮುಚ್ಚಿ, ಕಾರ್ಟ್ರಿಜ್‌ವರೆಗಿನ ಭಾಗಕ್ಕೆ 16 ಬಾರ್ ನೀರಿನ ಒತ್ತಡ, 60 ಸೆಕೆಂಡು, ಮೂತಿ ಮುಚ್ಚಿ ಲಿವರ್ ತೆರೆದು 4 ಬಾರ್, ಆಮೇಲೆ 0.2 ಬಾರ್. ಭಾರತದ ಮಾರುಕಟ್ಟೆಗಾದರೆ ಅಲಂಕಾರದ ಹಿತ್ತಾಳೆ ನಲ್ಲಿ, ಮಿಕ್ಸರುಗಳಿಗೆ ಐಎಸ್ 8931 ಇದೆ, ಸಾದಾ ಸ್ಕ್ರೂ-ಡೌನ್ ಬಿಬ್ ಕಾಕ್‌ಗೆ ಐಎಸ್ 781. 0.2 ಬಾರಿನ ಪರೀಕ್ಷೆಯನ್ನು ಹಗುರವಾಗಿ ಕಾಣಬೇಡಿ. ಹೆಚ್ಚು ಒತ್ತಡದಲ್ಲಿ ನೀರೇ ಓ-ರಿಂಗನ್ನು ಗೋಡೆಗೆ ಒತ್ತಿ ಸೋರಿಕೆ ಮುಚ್ಚುತ್ತದೆ, ಕಡಿಮೆಯಲ್ಲಿ ಆ ನೆರವಿಲ್ಲ. ಮೇಲಿನ ಮಹಡಿಯ ಬಚ್ಚಲಲ್ಲಿ, ತಾರಸಿಯ ಟ್ಯಾಂಕಿನ ನೀರು ನಲ್ಲಿಗಿಂತ ಎರಡು ಮೀಟರ್ ಮಾತ್ರ ಮೇಲಿದ್ದರೆ ಸಿಗುವ ಒತ್ತಡ ಸುಮಾರು 0.2 ಬಾರ್.

ಮನೆಗೆ ಹಾಕುವಾಗ ಹೋಸ್ ಸೇರಿಸುವ ಮೊದಲು ಆಂಗಲ್ ಕಾಕ್ ತೆರೆದು ಒಂದು ಬಕೆಟ್ ನೀರು ಬಿಡಬೇಕೆಂದು ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರೆಯಿರಿ. ಹೊಸ ಪೈಪಿನಲ್ಲಿ ಉಳಿದ ಮರಳು, ಸಿಮೆಂಟ್ ಕಾರ್ಟ್ರಿಜ್ ಸೇರಿದರೆ ಸೆರಾಮಿಕ್ ತಟ್ಟೆಗೆ ಗೀರು ಬೀಳುತ್ತದೆ, ಆ ನಲ್ಲಿ ಮತ್ತೆ ಪೂರ್ತಿ ನಿಲ್ಲುವುದಿಲ್ಲ.

ಕೊನೆಯದು ಬಿಚ್ಚುವ ಪರೀಕ್ಷೆ. ಮಾದರಿಗಳಲ್ಲಿ ಎರಡನ್ನು ಗಡಸು ನೀರಿನ ಸಂಪರ್ಕಕ್ಕೆ ಹಾಕಿ, ಕೆಲವು ತಿಂಗಳು ದಿನವೂ ಬಳಸಲು ಬಿಡಿ. ಆಮೇಲೆ 2.5 ಮಿಮೀ ಅಲೆನ್ ಕೀ, ಒಂದು ನಾಣ್ಯ, ಲಾಕ್ ನಟ್ಟಿಗೆ ಹಿಡಿಯುವ ಒಂದು ಸ್ಪ್ಯಾನರ್, ಇಷ್ಟನ್ನೇ ಕೊಟ್ಟು ಕಾರ್ಟ್ರಿಜ್ ಮತ್ತು ಏರೇಟರ್ ಹೊರತೆಗೆಯಲು ಹೇಳಿ. ಪೈಪ್ ರೆಂಚ್ ಬೇಕೆಂದು ಯಾರಾದರೂ ಕೇಳಿದರೆ ಯಾವ ಭಾಗಕ್ಕೆ ಕೇಳಿದರೆಂದು ಗುರುತು ಹಾಕಿಕೊಂಡು ಆ ಭಾಗದ ಡ್ರಾಯಿಂಗ್ ಮತ್ತೆ ತೆರೆಯಿರಿ.